ಮೂರು ವ್ಯಾಟ್ ಸಾಕು

ನನ್ನ ಸೋದರಮಾವನಿಗೆ ನಮ್ಮ ಬೀದಿಯವರು ಇಟ್ಟಿದ್ದ ಹೆಸರು ‘ಮೂರು ವ್ಯಾಟ್’. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ಅವನಿಗೆ ಗೊತ್ತಿತ್ತು, ಬೇಸರವೂ ಇರಲಿಲ್ಲ. ಬಸ್ ನಿಲ್ದಾಣದ ಹಿಂದಿನ ಸಂದಿಯಲ್ಲಿ, ಬೀಗ ರಿಪೇರಿಯವನಿಗೂ ಕನ್ನಡಕದ ಅಂಗಡಿಗೂ ನಡುವೆ ಅವನದೊಂದು ಉದ್ದನೆಯ ಅಂಗಡಿ. ರೇಡಿಯೋ, ರೆಕಾರ್ಡ್ ಪ್ಲೇಯರ್, ಆಂಪ್ಲಿಫೈಯರ್ ರಿಪೇರಿ ಅವನ ಕೆಲಸ. ಜೊತೆಗೆ ಹಳೆಯ ಕಾಲದ, ಬಲ್ಬಿನಂಥ ಗಾಜಿನ ವಾಲ್ವ್ ಹಾಕಿ ತಾನೇ ಆಂಪ್ಲಿಫೈಯರ್ ಕಟ್ಟಿಕೊಡುತ್ತಿದ್ದ. ಸ್ವಿಚ್ ಹಾಕಿದರೆ ಬೂದಿ ಮುಚ್ಚಿದ ಕೆಂಡದ ಹಾಗೆ ಮಂದವಾಗಿ ಹೊಳೆಯುವ ಆ ಪೆಟ್ಟಿಗೆಗಳಲ್ಲಿ ಒಂದಾದರೂ ಮೂರು ವ್ಯಾಟ್ ದಾಟಿದ್ದಿಲ್ಲ.

ನೂರು ವ್ಯಾಟ್ ಬೇಕು, ಇನ್ನೂರು ಬೇಕು ಅಂತ ಬಂದವರಿಗೆಲ್ಲ ಒಂದೇ ಉತ್ತರ.

“ಮನೆಗೆ ತಾನೆ? ಮೂರು ಸಾಕು.”

“ಮೂರರಲ್ಲಿ ಏನು ಕೇಳ್ಸುತ್ತೆ ಸ್ವಾಮಿ? ನಮ್ಮನೆ ಮಿಕ್ಸಿನೇ ಐನೂರು ವ್ಯಾಟು!”

“ಹಾಗಾದ್ರೆ ಮಿಕ್ಸಿಯಲ್ಲೇ ಹಾಡು ಕೇಳಿ.”

ಬಂದವರು ಮುಖ ಊದಿಸಿಕೊಂಡು ಹೊರಟರೆ ತಡೆಯುತ್ತಿರಲಿಲ್ಲ. ನಿಂತವರನ್ನು ಮಾತ್ರ ಕೂರಿಸಿ ಬಿಡಿಸಿ ಹೇಳುತ್ತಿದ್ದ. ಜನ ವ್ಯಾಟ್ ನೋಡುತ್ತಾರೆ, ಸ್ಪೀಕರ್ ನೋಡುವುದಿಲ್ಲ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಿಂದ ಅಳೆದರೆ ಒಂದು ಸ್ಪೀಕರ್ ಎಂಬತ್ತನಾಲ್ಕು ಡೆಸಿಬೆಲ್ ಸದ್ದು ಕೊಡುತ್ತದೆ, ಇನ್ನೊಂದು ಅಷ್ಟೇ ಕರೆಂಟು ಕುಡಿದು ತೊಂಬತ್ತಾರು ಕೊಡುತ್ತದೆ. ಸದ್ದು ಮೂರು ಡೆಸಿಬೆಲ್ ಏರಬೇಕಾದರೆ ಪವರ್ ಎರಡರಷ್ಟಾಗಬೇಕು. ಹನ್ನೆರಡು ಏರಬೇಕಾದರೆ ಎರಡೆರಡರಂತೆ ನಾಲ್ಕು ಸಲ, ಅಂದರೆ ಹದಿನಾರು ಪಟ್ಟು. ಚುರುಕು ಸ್ಪೀಕರಿಗೆ ಮೂರು ವ್ಯಾಟ್ ಕೊಡುವುದೂ ಒಂದೇ, ಸೋಮಾರಿ ಸ್ಪೀಕರಿಗೆ ನಲವತ್ತೆಂಟು ಸುರಿಯುವುದೂ ಒಂದೇ.

“ಬ್ರೇಕ್ ಹಿಡ್ದಿರೋ ಗಾಡಿಗೆ ದೊಡ್ಡ ಎಂಜಿನ್ ಯಾಕೆ ಹಾಕ್ತೀರಿ? ಮೊದ್ಲು ಬ್ರೇಕ್ ಬಿಡಿ” ಎನ್ನುತ್ತಿದ್ದ.

ಚುರುಕು ಸ್ಪೀಕರುಗಳನ್ನು ಅವನು ಅಂಗಡಿಯ ಹಿಂದಿನ ಕೋಣೆಯಲ್ಲಿ ಸೂರಿನವರೆಗೆ ಪೇರಿಸಿಟ್ಟಿದ್ದ. ಮುಚ್ಚಿಹೋದ ಸಭಾಭವನಗಳಿಂದ, ಗುಜರಿಗೆ ಬಂದ ಹಳೆಯ ರೇಡಿಯೋಗಳಿಂದ ಬಿಚ್ಚಿ ತಂದವು. ಊಟದ ತಟ್ಟೆಗಿಂತ ಅಗಲ, ಆದರೆ ಕಾಗದದ ಕೋನು ಎಷ್ಟು ಹಗುರವೆಂದರೆ ಬೆರಳಲ್ಲಿ ಮುಟ್ಟಲು ಭಯವಾಗಬೇಕು. ಹಿಂದೆ ಬೆಲ್ಲದಚ್ಚಿನಷ್ಟು ಭಾರದ ಅಯಸ್ಕಾಂತ. ಈಗಿನ ಸ್ಪೀಕರು ಪುಟ್ಟ ಡಬ್ಬದಲ್ಲೇ ದಪ್ಪ ಸದ್ದು ಕೊಡಬೇಕು, ಅದಕ್ಕೆ ಕೋನನ್ನು ಭಾರ ಮಾಡುತ್ತಾರೆ, ಅದನ್ನು ಅಲುಗಾಡಿಸುವುದರಲ್ಲೇ ಪವರೆಲ್ಲ ಮುಗಿಯುತ್ತದೆ ಎಂಬುದು ಅವನ ದೂರು.

ಇದೆಲ್ಲ ಸರಿ. ಆದರೆ ಅವನದೊಂದು ಅಭ್ಯಾಸವಿತ್ತು. ಹಾಡು ನಡೆಯುತ್ತಿರುವಾಗ ಥಟ್ಟನೆ ತಲೆ ಎತ್ತುತ್ತಿದ್ದ. ಗುಂಡಿ ತಿರುಗಿಸಿ ಸದ್ದು ಇಳಿಸುತ್ತಿದ್ದ. ಎದ್ದು ಹಿಂದಿನ ಕೋಣೆಗೆ ಹೋಗಿ, ಬಾಗಿಲಲ್ಲಿ ನಿಂತು, ಒಳಗೆ ಯಾರೂ ಇಲ್ಲವೆಂದು ನೋಡಿಕೊಂಡು ಬರುತ್ತಿದ್ದ. ದಿನಕ್ಕೆ ಎರಡು ಸಲವೋ ಮೂರು ಸಲವೋ. ಗಿರಾಕಿಗಳಿದ್ದರೂ ಅಷ್ಟೇ. ಕೇಳಿದರೆ “ಬೆಕ್ಕು” ಎನ್ನುತ್ತಿದ್ದ. ನಾನು ಹುಟ್ಟಿ ಬೆಳೆದು ಮದುವೆಯಾಗುವವರೆಗೂ ಆ ಅಂಗಡಿಯಲ್ಲಿ ಒಂದು ಬೆಕ್ಕನ್ನೂ ಕಂಡಿಲ್ಲ.

ಮನೆಯಲ್ಲಿ ನಮಗೆ ಕಾರಣ ಗೊತ್ತಿತ್ತು, ಅಥವಾ ಗೊತ್ತಿದೆ ಅಂದುಕೊಂಡಿದ್ದೆವು. ನಾನು ಹುಟ್ಟುವುದಕ್ಕೆ ಎರಡು ವರ್ಷ ಮೊದಲು ನಡೆದ ಸಂಗತಿ. ಮಾಮನಿಗೆ ಆಗ ಇಪ್ಪತ್ತನಾಲ್ಕು. ಅಜ್ಜಿಯೂ ಅವನೂ ಇಬ್ಬರೇ ಇದ್ದ ಮನೆ. ಆಗ ಅವನಿಗೆ ದೊಡ್ಡ ಸದ್ದಿನ ಹುಚ್ಚು. ಮುಂದಿನ ಕೋಣೆಯಲ್ಲಿ ನೂರು ವ್ಯಾಟಿನ ಆಂಪ್ಲಿಫೈಯರ್ ಕಟ್ಟಿ, ಭಾರದ ಸ್ಪೀಕರುಗಳಿಗೆ ಜೋಡಿಸಿ, ಒಂದು ಮಧ್ಯಾಹ್ನ ಪರೀಕ್ಷೆ ಮಾಡುತ್ತಿದ್ದ. ನನ್ನ ಅಮ್ಮ ಅವನ ಅಕ್ಕ, ನಾಲ್ಕು ವರ್ಷ ದೊಡ್ಡವಳು. ಎರಡು ಬೀದಿ ಆಚೆ ಅವಳ ಸಂಸಾರ, ಟೆಲಿಫೋನ್ ಕಚೇರಿಯಲ್ಲಿ ಕೆಲಸ. ದಿನವೂ ಐದಕ್ಕೆ ಕೆಲಸ ಬಿಟ್ಟು ತವರಿಗೆ ಹೋಗಿ ಅರ್ಧ ಗಂಟೆ ಕೂತು ಬರುತ್ತಿದ್ದಳು. ಅವತ್ತೂ ಹೋದಳು. ಬೀದಿಗೆಲ್ಲ ಸದ್ದು. ಕಿವಿ ಮುಚ್ಚಿಕೊಂಡು ಒಳಗೆ ಬಂದು “ಅಮ್ಮ ಎಲ್ಲೋ?” ಎಂದು ಕೇಳಿದ್ದಕ್ಕೆ ಮಾಮ “ಒಳಗಿರಬೇಕು” ಎಂದನಂತೆ. ಅಜ್ಜಿ ಅಡುಗೆಮನೆಗೂ ಬಚ್ಚಲಿಗೂ ನಡುವಿನ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮೈ ತಣ್ಣಗಾಗಿತ್ತು. ಹೃದಯಾಘಾತ, ಜೀವ ಹೋಗಿ ಒಂದು ಗಂಟೆಯ ಮೇಲಾಗಿದೆ ಎಂದರು ಡಾಕ್ಟರು.

“ಕರೆದಿರಬೇಕಲ್ಲೋ? ನಿನಗೆ ಕೇಳಿಸ್ಲಿಲ್ವಾ?”

“ಕೇಳಿಸ್ಲಿಲ್ಲ ಅಕ್ಕ.”

ಅಂದಿನಿಂದ ಅಮ್ಮ ತಮ್ಮನ ವಕೀಲೆಯಾದಳು. ನೆಂಟರಿಷ್ಟರು ಸೇರಿದಾಗ ಯಾರಾದರೂ ಹಳೆಯ ಮಾತು ತೆಗೆದರೆ ಸಾಕು, ಅವರ ಬಾಯಿ ಮುಚ್ಚುವ ಹಾಗೆ ಹೇಳುತ್ತಿದ್ದಳು: “ಅವನದೇನು ತಪ್ಪು? ಪಾಪ, ಅವನಿಗೆ ಕೇಳಿಸಲೇ ಇಲ್ಲ.” ಆಗ ಮಾಮ ತಟ್ಟೆ ನೋಡಿಕೊಂಡು ಕೂತಿರುತ್ತಿದ್ದ, ಇಲ್ಲವೇ ಎದ್ದು ಕೈ ತೊಳೆಯಲು ಹೋಗುತ್ತಿದ್ದ. ಅವನು ಮದುವೆಯಾಗಲಿಲ್ಲ. ದೊಡ್ಡ ಆಂಪ್ಲಿಫೈಯರ್ ಮತ್ತೆ ಮುಟ್ಟಲಿಲ್ಲ. ಮನೆಯೊಳಗೆ ಎಷ್ಟು ಸದ್ದಿದ್ದರೂ ಪಕ್ಕದ ಕೋಣೆಯಿಂದ ಒಬ್ಬರು ಸುಮ್ಮನೆ ಕರೆದರೆ ಕೇಳಿಸಬೇಕು, ಅದಕ್ಕಿಂತ ಹೆಚ್ಚು ಸದ್ದು ಮನೆಗೆ ಬೇಡ ಎಂಬುದು ಅವನ ಲೆಕ್ಕಾಚಾರದ ಬುಡ ಎಂದು ನಾವೆಲ್ಲ ತಿಳಿದಿದ್ದೆವು. ಅದು ನಿಜವೂ ಹೌದು, ಅರ್ಧ ನಿಜ.

ಉಳಿದರ್ಧ ನನಗೆ ತಿಳಿದದ್ದು ಒಬ್ಬ ನಿವೃತ್ತ ನರ್ಸಮ್ಮನಿಂದಾಗಿ.

ಆಕೆ ಒಂದು ಬೆಳಿಗ್ಗೆ ಬಟ್ಟೆಯ ಚೀಲದಲ್ಲಿ ಪುಟ್ಟ ವಾಲ್ವ್ ಆಂಪ್ಲಿಫೈಯರನ್ನೂ ಎರಡು ಕರಿ ಸ್ಪೀಕರುಗಳನ್ನೂ ಹೊತ್ತುಕೊಂಡು ಬಂದರು. ಮಾಮನಿಗೆ ಊಟದ ಡಬ್ಬಿ ಕೊಡಲು ಹೋಗಿದ್ದ ನಾನು ಅಲ್ಲೇ ಇದ್ದೆ.

“ಇದಕ್ಕೆ ಶಕ್ತಿ ಸಾಲ್ದು. ಕಮ್ಮಿ ಇಟ್ರೆ ಕೇಳ್ಸಲ್ಲ, ಪೂರ್ತಿ ತಿರುಗಿಸಿದ್ರೆ ಗೊರಗೊರ ಅನ್ನುತ್ತೆ. ದೊಡ್ಡದೊಂದು ಕೊಟ್ಟುಬಿಡಿ” ಎಂದರು.

ಮಾಮ ಪೆಟ್ಟಿಗೆ ಬೋರಲು ಹಾಕಿ ತಳದ ತಗಡು ಬಿಚ್ಚಿದ. ಒಳಗಿನ ಬೆಸುಗೆಗಳನ್ನು ಒಂದೊಂದಾಗಿ ನೋಡಿದ.

“ಯಾರು ಕಟ್ಟಿದ್ದು?”

“ನಮ್ಮವರು. ಇಪ್ಪತ್ತು ವರ್ಷದ ಹಿಂದೆ.”

“ಕೈ ಚೆನ್ನಾಗಿದೆ. ಇದಕ್ಕೇನೂ ಆಗಿಲ್ಲ. ಇದರ ಜೊತೆ ಇದ್ದ ಸ್ಪೀಕರ್ ಇವಲ್ಲ ಅಲ್ವಾ?”

ಆಕೆಗೆ ಆಶ್ಚರ್ಯ. ಗಂಡನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಮೆಟ್ಟಿಲಿಲ್ಲದ ಸಣ್ಣ ಮನೆಗೆ ಬಂದಿದ್ದರಂತೆ. ಮಂಚ ಹಿಡಿಸಬೇಕಲ್ಲ, ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ಯಾರಿಗೋ ಕೊಟ್ಟು ಈ ಪುಟ್ಟವನ್ನು ತಂದಿದ್ದರು. ಅಂದಿನಿಂದ ಹಾಡು ಸತ್ತಿತ್ತು. ಮಾಮ ಸೋಮಾರಿ ಸ್ಪೀಕರಿನ ಪಾಠ ಒಪ್ಪಿಸಿದ. ಆಮೇಲೆ ಯಾವ ರಿಪೇರಿಯವನೂ ಕೇಳದ ಪ್ರಶ್ನೆಗಳನ್ನು ಕೇಳಿದ.

“ಅವರು ಎಲ್ಲಿ ಮಲಗ್ತಾರೆ? ನೀವೆಲ್ಲಿ ಕೂತ್ಕೊಳ್ತೀರಿ? ಮಧ್ಯದಲ್ಲಿ ಬಾಗಿಲಿದೆಯಾ, ಪರದೆಯಾ? ಅವರ ದನಿ ಹೇಗಿದೆ?”

“ದನಿ ಎಲ್ಲಿದೆ? ಉಸಿರು ಜಾಸ್ತಿ, ಮಾತು ಕಮ್ಮಿ.”

ಮಾಮ ನನ್ನ ಕಡೆ ತಿರುಗಿದ. “ಭಾನುವಾರ ನಿನ್ನ ವ್ಯಾನ್ ಬೇಕಲ್ಲಮ್ಮ.”

ನನ್ನದು ಲಾಂಡ್ರಿ. ಆಸ್ಪತ್ರೆ, ಹೋಟೆಲುಗಳ ಹೊದಿಕೆ ತರಲು ಒಂದು ವ್ಯಾನು ಇಟ್ಟುಕೊಂಡಿದ್ದೇನೆ. ಭಾನುವಾರ ಮಧ್ಯಾಹ್ನ ಅದರಲ್ಲಿ ಚುರುಕು ಸ್ಪೀಕರ್ ಕೂರಿಸಿದ, ಸೊಂಟದೆತ್ತರದ ಎರಡು ಮರದ ಪೆಟ್ಟಿಗೆ ಹೇರಿಕೊಂಡು ಹೋದೆವು.

“ಇದೇನು, ಬೀರು ತಂದಿದ್ದೀರಾ?” ಎಂದರು ನರ್ಸಮ್ಮ ಬಾಗಿಲಲ್ಲೇ.

“ಬೀರುವೇ. ಒಳಗೆ ಹಾಡಿದೆ.”

ಮಂಚದ ಕೋಣೆಯಿಂದ ಯಾರೋ ನಕ್ಕ ಹಾಗೆ ಉಸಿರು ಕೇಳಿಸಿತು.

ಅವನ್ನು ಹಜಾರದ ಎರಡು ಮೂಲೆಗೆ ನಿಲ್ಲಿಸಿದ. ಆಂಪ್ಲಿಫೈಯರಿನ ಹಿಂದೆ ನಾಲ್ಕು ಓಮಿನ ತುದಿಗೆ ಸಿಕ್ಕಿಸಿದ್ದ ತಂತಿಯನ್ನು ಈ ಸ್ಪೀಕರುಗಳಿಗೆ ಹೊಂದುವ ಎಂಟರ ತುದಿಗೆ ಬದಲಿಸಿದ. ಸ್ವಿಚ್ ಹಾಕಿದಾಗ ಹಾಡಿಗೆ ಮೊದಲು ‘ಗುಂಯ್’ ಎಂಬ ಸಣ್ಣ ಸದ್ದು ಬಂತು. ಅದು ಹೊಸದಲ್ಲ, ಮೊದಲಿನಿಂದಲೂ ಇತ್ತು, ಸೋಮಾರಿ ಸ್ಪೀಕರು ಅದನ್ನು ನುಂಗಿಕೊಂಡಿತ್ತು, ಚುರುಕು ಸ್ಪೀಕರು ಏನನ್ನೂ ಮುಚ್ಚಿಡುವುದಿಲ್ಲ ಎಂದ. ನೆಲದ ಮೇಲೆ ಕೂತು ಒಣಗಿಹೋದ ಎರಡು ಕೆಪಾಸಿಟರ್ ಕಿತ್ತು ಹೊಸದು ಬೆಸೆದ. ಗುಂಯ್ ನಿಂತಿತು. ರೆಕಾರ್ಡ್ ಹಾಕಿದ. ಒಬ್ಬ ಹೆಂಗಸಿನ ಹಾಡು, ಹಿಂದೆ ಪಿಟೀಲು. ಗುಂಡಿ ಕಾಲು ಸುತ್ತು ಕೂಡ ತಿರುಗಿರಲಿಲ್ಲ, ಮನೆ ತುಂಬಿತು. ಪರದೆ ಸರಿಸಿ ನೋಡಿದೆ. ಮಂಚದ ಮೇಲಿನವರು ಬಾಯಿಯ ಒಂದೇ ಬದಿಯಲ್ಲಿ ನಗುತ್ತಿದ್ದರು, ಕಣ್ಣೀರು ಮಾತ್ರ ಎರಡೂ ಬದಿಯಲ್ಲಿ ಇಳಿಯುತ್ತಿತ್ತು.

“ಈಗ ಒಂದು ಪರೀಕ್ಷೆ” ಎಂದ ಮಾಮ. ನರ್ಸಮ್ಮ ದಿನಾ ಕೂರುವ ಬೆತ್ತದ ಕುರ್ಚಿಯಲ್ಲಿ ಕೂತ. “ಯಜಮಾನ್ರೇ, ನಿಮ್ಮವರನ್ನ ಒಂದು ಸಲ ಕರೀರಿ. ಜೋರಾಗಿ ಬೇಡ, ಬಂದ ಹಾಗೆ.”

ಹಾಡು ನಡೆಯುತ್ತಿತ್ತು. ಒಳಗಿನಿಂದ ಒಣ ಎಲೆ ಸರಿದ ಹಾಗೆ ಒಂದು ದನಿ ಬಂತು: “ಬಾ ಇಲ್ಲಿ.”

ನನಗೆ ಸ್ಪಷ್ಟವಾಗಿ ಕೇಳಿಸಿತು. ಮಾಮ ಅಲುಗಲಿಲ್ಲ.

“ಬಾ ಇಲ್ಲಿ” ಎಂದರು ಮತ್ತೆ.

ಮಾಮ ಎರಡೂ ಕೈಗಳಲ್ಲಿ ಕುರ್ಚಿಯ ತೋಳು ಹಿಡಿದಿದ್ದ. ನರ್ಸಮ್ಮ ಹತ್ತಿರ ಬಂದರು. “ಯಾಕೆ, ಕೇಳಿಸ್ಲಿಲ್ವಾ?”

“ಕೇಳಿಸ್ತು” ಎಂದ. ಕುರ್ಚಿಯ ತೋಳು ಬಿಡದೆ ಹೇಳಿದ: “ಅವತ್ತೂ ಕೇಳಿಸಿತ್ತು.”

ನರ್ಸಮ್ಮ ಹಾಡು ನಿಲ್ಲಿಸಿದರು. ಗುರುತು ಪರಿಚಯವಿಲ್ಲದ ಆ ಮನೆಯಲ್ಲಿ ಅವನು ಮೂವತ್ತನಾಲ್ಕು ವರ್ಷದ ಮಾತನ್ನು ಹೊರಗೆ ಹಾಕಿದ. ಅಜ್ಜಿ ಕರೆದಿದ್ದಳು. ಸದ್ದಿನ ನಡುವೆಯೂ ಆ ದನಿ ಅವನ ಕಿವಿಗೆ ಬಿದ್ದಿತ್ತು. ಸದ್ದು ಕಮ್ಮಿ ಮಾಡು ಅಂತ ಬೈಯಲು ಕರೆಯುತ್ತಿದ್ದಾಳೆ, ದಿನಾ ಇದ್ದದ್ದೇ ಅಂದುಕೊಂಡು ಅವನು ಹೋಗಲಿಲ್ಲ. ಅಕ್ಕ ಕೇಳಿದ ಗಳಿಗೆಯಲ್ಲಿ ಬಾಯಿಗೆ ಬಂದದ್ದು ‘ಕೇಳಿಸ್ಲಿಲ್ಲ’. ಆಮೇಲೆ ಆ ಮಾತನ್ನು ಅಕ್ಕನೇ ಊರಿಗೆಲ್ಲ ಹಂಚಿದಳು, ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ?

ನರ್ಸಮ್ಮ ಅಯ್ಯೋ ಎನ್ನಲಿಲ್ಲ, ಸಮಾಧಾನ ಹೇಳಲಿಲ್ಲ. ಅಜ್ಜಿಯ ವಯಸ್ಸು ಕೇಳಿದರು. ಮೊದಲೇ ಎದೆನೋವು ಇತ್ತಾ, ಸೀರೆ ಬೆವರಿನಲ್ಲಿ ನೆಂದಿತ್ತಾ ಎಂದು ಕೇಳಿದರು. ಎಲ್ಲ ಕೇಳಿಸಿಕೊಂಡು ಹೇಳಿದರು, “ನೀವು ಓಡಿಹೋಗಿದ್ರೆ ಉಳೀತಿದ್ರೋ ಇಲ್ವೋ, ನಾನು ಹೇಳಲಾರೆ. ಏನು ಹೇಳಿದ್ರೂ ಸುಳ್ಳಾಗುತ್ತೆ.”

ವ್ಯಾನಿನಲ್ಲಿ ಮಾಮ ಒಂದೇ ಮಾತು ಆಡಿದ. “ನಿಮ್ಮಮ್ಮನಿಗೆ ಹೇಳ್ಬೇಡ.”

“ಹೇಳಲ್ಲ ಮಾಮ.”

ಹೇಳಲಿಲ್ಲ. ಆದರೆ ಆ ಮಾತು ಒಬ್ಬರಿಂದ ಇನ್ನೊಬ್ಬರಿಗೆ ಅಂಟುವಂಥದ್ದು. ಲಾಂಡ್ರಿಯಲ್ಲಿ ನಾಲ್ಕೂ ಯಂತ್ರಗಳು ಒಟ್ಟಿಗೆ ತಿರುಗುವಾಗ ಯಾರೋ ಕರೆದಂತಾಗಿ, ಒಂದೊಂದನ್ನೇ ನಿಲ್ಲಿಸಿ ಕಿವಿಗೊಟ್ಟಿದ್ದೇನೆ. ಅಮ್ಮ ಮನೆಗೆ ಬಂದವರ ಮುಂದೆ “ಪಾಪ, ಅವನಿಗೆ ಕೇಳಿಸಲೇ ಇಲ್ಲ” ಎಂದಾಗಲೆಲ್ಲ ಈಗ ನಾನೂ ಕೈ ತೊಳೆಯಲು ಎದ್ದು ಹೋಗುತ್ತಿದ್ದೆ.

ಒಂದು ವರ್ಷ ಕಳೆಯಿತು. ನರ್ಸಮ್ಮನ ಗಂಡ ತೀರಿಕೊಂಡ ಸುದ್ದಿ ಬಂತು. ಮಾಮನೂ ನಾನೂ ಹೋದೆವು. ಮಂಚ ತೆಗೆದಿದ್ದರು. ಪೆಟ್ಟಿಗೆಗಳು ಮೂಲೆಯಲ್ಲೇ ನಿಂತಿದ್ದವು.

“ಮಧ್ಯಾಹ್ನ ಮೂರೂವರೆ” ಎಂದರು ಆಕೆ. “ಹಾಡು ನಡೀತಿತ್ತು. ಕರೆದ್ರು. ಕೇಳಿಸ್ತು, ಹೋದೆ. ಏನೇನು ಮಾಡ್ಬೇಕೋ ಮಾಡಿದೆ, ಮೂವತ್ತು ವರ್ಷ ಅದೇ ಕೆಲಸ ಮಾಡಿದ ಕೈ ಇದು. ನಿಲ್ಲಿಸೋಕಾಗ್ಲಿಲ್ಲ.”

ಮಾಮ ತಲೆ ತಗ್ಗಿಸಿ ಕೇಳಿದ: “ಏನಾದ್ರೂ ಅಂದ್ರಾ?”

“ಕಿಟಕಿ ತೆಗಿ ಅಂದ್ರು. ಅಷ್ಟೇ. ದೊಡ್ಡ ಮಾತೇನಲ್ಲ. ಆದ್ರೆ ಅದು ನನ್ನ ಹತ್ರ ಇದೆ. ಅದೂ ಇಲ್ದಿದ್ರೆ ಏನು ಹಿಡ್ಕೊಂಡು ಕೂರ್ತಿದ್ನೋ ಗೊತ್ತಿಲ್ಲ.”

ವಾಪಸು ಬರುವಾಗ ಮಾಮ ಅಂಗಡಿಯ ಕಡೆ ತಿರುಗಿಸಬೇಡ ಎಂದ. “ಅಕ್ಕನ ಮನೆಗೆ ನಡಿ.”

ಅಮ್ಮ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಮಾಮ ಕೂರಲೂ ಇಲ್ಲ. ಬಾಗಿಲ ಹತ್ತಿರವೇ ನಿಂತು, “ಅಕ್ಕ, ಅವತ್ತು ಅಮ್ಮ ಕರೆದಿದ್ದು ನನಗೆ ಕೇಳಿಸಿತ್ತು” ಎಂದ. ಅಮ್ಮನ ಕೈಯಲ್ಲಿ ಒಂದು ದಿಂಬಿನ ಚೀಲ ಇತ್ತು. ಅದನ್ನು ಎರಡು ಮಡಿಕೆ ಮಾಡಿದಳು, ನಾಲ್ಕು ಮಾಡಿದಳು, ಎಂಟು ಮಾಡಿದಳು, ಇನ್ನು ಮಡಿಸಲು ಆಗದಷ್ಟು ಆದ ಮೇಲೆ ಎದೆಗೆ ಒತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ಮಾಮ ಒಂದು ಗಂಟೆ ನಿಂತಿದ್ದ. ಅವಳು ಹೊರಗೆ ಬರಲಿಲ್ಲ.

ಐದು ತಿಂಗಳು ಅವಳು ಅವನೊಂದಿಗೆ ಮಾತಾಡಲಿಲ್ಲ. ನಾನು ಡಬ್ಬಿ ಒಯ್ಯುತ್ತಿದ್ದೆ. ಅಡುಗೆ ಅವಳೇ ಮಾಡುತ್ತಿದ್ದಳು, ಅವನಿಗೆ ಇಷ್ಟವಾದದ್ದನ್ನೇ ತುಂಬುತ್ತಿದ್ದಳು. ಅವನ ಹೆಸರು ಮಾತ್ರ ಎತ್ತುತ್ತಿರಲಿಲ್ಲ. ನೆಂಟರ ಮನೆಯಲ್ಲಿ ಯಾರೋ ಹಳೆಯ ವಿಷಯ ತೆಗೆದಾಗ ಎಲ್ಲರೂ ಅವಳ ಮುಖ ನೋಡಿದರು. ಅವಳು ನೀರು ಕುಡಿದಳು. ನನಗೋ, ಒಂದೇ ಸಲಕ್ಕೆ ಇಬ್ಬರು ವಯಸ್ಸಾದವರು ಕಣ್ಣೆದುರೇ ಸೊರಗುತ್ತಿರುವುದನ್ನು ನೋಡಲಾಗುತ್ತಿರಲಿಲ್ಲ. ಮಾಮ ಸಣ್ಣ ರೇಡಿಯೋಗಳನ್ನು ಬಿಟ್ಟು ಬೇರೆ ಕೆಲಸ ಹಿಡಿಯುವುದನ್ನೇ ನಿಲ್ಲಿಸಿದ.

ಆಮೇಲೆ ಒಂದು ಬೆಳಿಗ್ಗೆ ನಾನು ಡಬ್ಬಿ ಹಿಡಿದಾಗ ಅಮ್ಮ ಚಪ್ಪಲಿ ಮೆಟ್ಟಿಕೊಂಡಳು. “ನಾನೂ ಬರ್ತೀನಿ.”

ಅಷ್ಟು ವರ್ಷದಲ್ಲಿ ಅವಳು ಆ ಅಂಗಡಿಯೊಳಗೆ ಕಾಲಿಟ್ಟದ್ದಿಲ್ಲ. ಸದ್ದು ಮಾಡುವ ಸಾಮಾನೆಂದರೆ ಅವಳಿಗೆ ಆಗುತ್ತಿರಲಿಲ್ಲ. ಮಾಮ ಅವಳನ್ನು ಕಂಡು ಎದ್ದು ನಿಂತ. ಬೆಸುಗೆ ಕಡ್ಡಿ ಇನ್ನೂ ಬಿಸಿಯಿತ್ತು, ಅದನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದಿದ್ದ. ಅಮ್ಮ ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು.

“ಅವತ್ತು ಅವಳು ಕರೆದಾಗ ಏನು ಹಾಡು ಹಾಕಿದ್ದೆ?”

“ಹಾಡಲ್ಲ ಅಕ್ಕ. ಬರೀ ಒಂದೇ ಸ್ವರ. ಪರೀಕ್ಷೆ ಮಾಡೋಕೆ ಯಂತ್ರದಿಂದ ಬಿಡ್ತಾರಲ್ಲ, ಅದು. ಸ್ಪೀಕರ್ ಎಷ್ಟು ತಾಳುತ್ತೆ ಅಂತ ನೋಡ್ತಿದ್ದೆ.”

“ಹಾಡೂ ಅಲ್ಲ” ಎಂದಳು ಅಮ್ಮ, ತನಗೆ ತಾನೇ. ಆಮೇಲೆ ತಾನು ಕೇಳಲು ಬಂದದ್ದನ್ನು ಕೇಳಿದಳು. “ಏನಂತ ಕರೆದಳು?”

ಮಾಮ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ.

“ಎರಡು ಸಲ ಕರೆದಳು. ಮೊದಲ ಸಲ, ‘ಮಗಾ, ಒಂಚೂರು ಬಾ’ ಅಂದಳು. ನಾನು ಹೋಗ್ಲಿಲ್ಲ.”

“ಎರಡನೇ ಸಲ?”

ಸಂದಿಯಲ್ಲಿ ಬೀಗದವನು ಕೀಲಿ ಅರೆಯುತ್ತಿದ್ದ ಸದ್ದು ನಿಂತು ಮತ್ತೆ ಶುರುವಾಯಿತು.

“‘ಅಕ್ಕ ಬಂದ್ಲಾ?’ ಅಂದಳು. ‘ಅಕ್ಕ ಬಂದ್ಲಾ ನೋಡು’ ಅಂತ. ನಿನ್ನನ್ನ ಕೇಳಿದಳು. ನಾನು... ನಾನು ಗುಂಡಿ ತಿರುಗಿಸಿ ಸದ್ದು ಜಾಸ್ತಿ ಮಾಡಿದೆ ಅಕ್ಕ.”

ಅಮ್ಮ ಅಳಲಿಲ್ಲ, ಹೊಡೆಯಲಿಲ್ಲ. ಮಂಡಿಯ ಮೇಲಿನ ಸೀರೆಯನ್ನು ಎರಡೂ ಕೈಯಲ್ಲಿ ನೇವರಿಸುತ್ತ ಕೂತಿದ್ದಳು. ಆಮೇಲೆ ಹೇಳಿದಳು:

“ಅವಳು ಅಂದ ಹಾಗೇ ಅನ್ನು.”

“ಅಕ್ಕ...”

“ಮೂವತ್ತೈದು ವರ್ಷ ನೀನೊಬ್ಬನೇ ಇಟ್ಕೊಂಡಿದ್ದೀಯ. ಅನ್ನು.”

ಮಾಮ ಕಣ್ಣು ಮುಚ್ಚಿದ. ಗಂಟಲು ಸರಿಮಾಡಿಕೊಂಡ. ಅವನ ಬಾಯಿಂದ ಬಂದದ್ದು ಅವನ ದನಿಯಲ್ಲ. ಒಬ್ಬ ಮುದುಕಿಯ ದನಿ, ಉಸಿರು ಸಾಲದೆ ನಡುವೆ ಮುರಿದದ್ದು, ಕೊನೆಯಲ್ಲಿ ಸ್ವಲ್ಪ ಎಳೆದದ್ದು. “ಅಕ್ಕ... ಬಂದ್ಲಾ... ನೋಡು.” ನಾನು ಅಜ್ಜಿಯನ್ನು ಕಂಡವಳಲ್ಲ, ಅವಳ ದನಿ ಕೇಳಿದವಳಲ್ಲ. ಆದರೆ ಹಾಡುಹಗಲಿನ ಆ ಅಂಗಡಿಯಲ್ಲಿ ನನ್ನ ಮೈಮೇಲಿನ ಕೂದಲೆಲ್ಲ ಎದ್ದು ನಿಂತಿತು.

“ಹೌದು” ಎಂದಳು ಅಮ್ಮ ಮೆಲ್ಲಗೆ. “‘ಬಂದ್ಲಾ’ ಅನ್ನೋದನ್ನ ಹೀಗೇ ಎಳೀತಿದ್ದಳು. ನಾನು ಮರೆತೇಬಿಟ್ಟಿದ್ದೆ.”

ಇನ್ನೊಮ್ಮೆ ಹೇಳಿಸಿದಳು. ಆಮೇಲೆ ಎದ್ದು, ಡಬ್ಬಿ ಬಿಚ್ಚಿ ಮೇಜಿನ ಮೇಲಿನ ಸ್ಕ್ರೂಗಳನ್ನೆಲ್ಲ ಅಂಗೈಯಲ್ಲಿ ಬದಿಗೆ ಸರಿಸಿ, ಅವನ ಮುಂದೆ ಇಟ್ಟಳು. ಅವನು ಊಟ ಮುಗಿಸುವವರೆಗೆ ಸ್ಟೂಲಿನ ಮೇಲೆ ಕೂತಿದ್ದಳು. ಕ್ಷಮಿಸಿದೆ ಎಂದು ಅವಳು ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಿದ್ದು ನಾನು ಕೇಳಿಲ್ಲ. ಆದರೆ ಈಗ ವಾರಕ್ಕೊಂದು ಸಲ ಬರುತ್ತಾಳೆ, ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ. ನಾನು ಅವಳನ್ನು ಸಂದಿಯ ತುದಿಯಲ್ಲಿ ಇಳಿಸಿ ಹೋಗುತ್ತೇನೆ. ಒಳಗೆ ಅವರಿಬ್ಬರು ಏನು ಮಾತಾಡುತ್ತಾರೋ, ಅವನಿಂದ ಏನು ಹೇಳಿಸುತ್ತಾಳೋ, ನಾನು ಕೇಳಿಲ್ಲ. ಬೀಗದವನು ಮಾತ್ರ ಒಂದು ದಿನ ನನ್ನನ್ನು ತಡೆದು ಕೇಳಿದ:

“ಏನಮ್ಮಾ, ನಿಮ್ಮ ಮಾಮನ ಅಂಗಡೀಗೆ ನಿಮ್ಮಮ್ಮನ ಜೊತೆ ಇನ್ನೊಬ್ಬರು ಅಜ್ಜಿ ಬರ್ತಾರಲ್ಲ, ಯಾರವರು? ದನಿ ಕೇಳಿದೀನಿ, ಒಂದು ಸಲಾನೂ ಕಂಡಿಲ್ಲ.”